ಸತ್ಯದರ್ಶಿಯ ಹಸಿರು ದೀಪ

ಹಿರೇದುರ್ಗದ ಕೋಟೆಯ ಗೈಡ್ ಬೋರಯ್ಯ ಒಂಬತ್ತನೇ ವಯಸ್ಸಿನಲ್ಲಿ ಒಂದು ಚಿರತೆಯನ್ನು ಬಾಲ ಹಿಡಿದು ಗರಗರ ತಿರುಗಿಸಿ, ಕೋಟೆಯ ಏಳೂ ಸುತ್ತಿನ ಗೋಡೆ ದಾಟುವಂತೆ ಬೀಸಿ, ಆಚೆ ಊರಿನ ಕೆರೆಗೆ ಎಸೆದಿದ್ದ. ಅದು ಬಿದ್ದ ರಭಸಕ್ಕೆ ಕೆರೆಯ ನೀರೆಲ್ಲ ಮೇಲೆದ್ದು ಮೋಡವಾಗಿ ಮೂರು ತಾಲೂಕಿಗೆ ಮಳೆ ಸುರಿಯಿತು. ಚಿರತೆ ಈಜಿ ದಡ ಸೇರಿತಾದರೂ ನಾಚಿಕೆಯಿಂದ ಮಾಂಸ ಬಿಟ್ಟು, ಸಾಯುವತನಕ ಸೊಪ್ಪು ತಿಂದುಕೊಂಡು ಬದುಕಿತು. ನಂಬಿಕೆ ಬರುವುದಿಲ್ಲವೇ? ಬೇಡ ಬಿಡಿ. ಸರ್ಕಾರಕ್ಕೆ ಬಂದಿದೆ. ಸರ್ಕಾರದ ಯಂತ್ರ ಹಸಿರು ದೀಪ ಹೊತ್ತಿಸಿ ಇದು ಸತ್ಯವೆಂದು ಮುದ್ರೆ ಒತ್ತಿದೆ.

ಯಂತ್ರದ ಹೆಸರು ಸತ್ಯದರ್ಶಿ. ನೋಡಲು ಹೆಲ್ಮೆಟ್ಟಿನ ಹಾಗೆ. ಒಳಗೆ ತಲೆಗೂದಲಿಗಿಂತ ತೆಳುವಾದ ತಂತಿಗಳು. ಅದರ ಗುಟ್ಟು ಸರಳ. ಸುಳ್ಳು ಹೇಳುವವನ ಮಿದುಳು ದುಪ್ಪಟ್ಟು ದುಡಿಯುತ್ತದೆ: ನಿಜವನ್ನು ಅದುಮಿಡಬೇಕು, ಸುಳ್ಳನ್ನು ಕಟ್ಟಬೇಕು, ಎರಡೂ ಒಂದನ್ನೊಂದು ಮುಟ್ಟದಂತೆ ಕಾಯಬೇಕು. ಆ ದುಡಿಮೆ ಕಂಡರೆ ಕೆಂಪು ದೀಪ. ನೆನಪು ಅಡೆತಡೆಯಿಲ್ಲದೆ ಹರಿದು ಬಂದರೆ ಹಸಿರು. ಅದು ಬಂದ ಮೇಲೆ ಜಿಲ್ಲಾ ಕಚೇರಿಯಲ್ಲಿ ಪಾಟೀಸವಾಲು ನಿಂತಿತು, ಸ್ಥಳ ಪರಿಶೀಲನೆ ನಿಂತಿತು, ಕೊನೆಗೆ ಯೋಚನೆ ಮಾಡುವುದೂ ನಿಂತಿತು. ಸಾಹೇಬರುಗಳ ತಲೆ ಎಷ್ಟು ಹಗುರವಾಯಿತೆಂದರೆ, ಫ್ಯಾನಿನ ಗಾಳಿಗೆ ಹಾರಿ ಹೋದೀತೆಂದು ಜವಾನರು ಸದಾ ಕಿಟಕಿ ಮುಚ್ಚಿಡುತ್ತಿದ್ದರು.

ಬೋರಯ್ಯನನ್ನು ಆ ಹೆಲ್ಮೆಟ್ಟಿನ ಕೆಳಗೆ ಕೂರಿಸಿದ್ದು ಚಿರತೆಯ ವಿಚಾರಣೆಗಲ್ಲ. ಕೋಟೆಯ ಬುಡದಿಂದ ತುದಿಗೆ ಹಾಕಿದ್ದ ರೋಪ್‌ವೇಯ ಒಂದು ಡಬ್ಬಿ ಹಿಮ್ಮುಖವಾಗಿ ಜಾರಿ ಬಂದು ಕಂಬಕ್ಕೆ ಅಪ್ಪಳಿಸಿತ್ತು. ಶಾಲೆಯ ಮಕ್ಕಳನ್ನೆಲ್ಲ ಮುಂದಿನ ಡಬ್ಬಿಗಳಲ್ಲಿ ಕಳಿಸಿ, ಕೊನೆಯದರಲ್ಲಿ ಒಬ್ಬರೇ ಕೂತಿದ್ದ ಇಂದುಮತಿ ಟೀಚರ್ ಸತ್ತರು. ಅವತ್ತು ಬೆಳಿಗ್ಗೆಯಷ್ಟೇ ಬೋರಯ್ಯ ಅವರಿಗೆ ಕೋಟೆ ತೋರಿಸಿದ್ದ. "ಈ ಫಿರಂಗಿಯ ಗುಂಡು ಸಮುದ್ರಕ್ಕೆ ಹೋಗಿ ಬೀಳ್ತಿತ್ತು" ಎಂದಾಗ ಆಕೆ ಮಕ್ಕಳ ಕಡೆ ಕಣ್ಣು ಮಿಟುಕಿಸಿ, "ಸಮುದ್ರದೋರು ವಾಪಸ್ ಕಳಿಸ್ತಿರಲಿಲ್ವಾ?" ಎಂದು ಕೇಳಿದ್ದರು. ಬೋರಯ್ಯನನ್ನು ಅಷ್ಟು ಚೆನ್ನಾಗಿ ಯಾರೂ ಗೇಲಿ ಮಾಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಕೆ ಇರಲಿಲ್ಲ. ಅವನಿಗೆ ಬಂದ ಸಿಟ್ಟಿನ ಬಿಸಿಗೆ ಕೋಟೆಯ ಬಂಡೆಗಳು ಬಿರಿಯಬೇಕಿತ್ತು. ಬಿರಿಯದಿದ್ದದ್ದು ಅವುಗಳ ಪುಣ್ಯ.

ಆ ಸಿಟ್ಟಿಗೆ ಒಬ್ಬ ಮನುಷ್ಯ ಬೇಕಿತ್ತು. ಸಿಕ್ಕವನು ಪಾಲಾಕ್ಷ, ರೋಪ್‌ವೇ ನಡೆಸುತ್ತಿದ್ದ ಹುಡುಗ.

ಹೆಲ್ಮೆಟ್ ತೊಡಿಸಿದ ತಂತ್ರಜ್ಞ ಸುಹೇಲ್ ಮೊದಲಿಗೆ ಹೇಳಿದ, "ಅಣ್ಣಾ, ಒಂದು ಶುದ್ಧ ಸುಳ್ಳು ಹೇಳಿ. ಮೆಷಿನ್ ಸರಿಯಾಗಿದೆಯಾ ಅಂತ ನೋಡ್ಬೇಕು."

"ನನ್ ಬಾಯಲ್ಲಿ ಸುಳ್ಳಾ? ಬೇಕಾದ್ರೆ ನಂಬಕ್ಕಾಗದ ನಿಜ ಒಂದೈತೆ, ಹೇಳ್ತೀನಿ" ಎಂದು ಬೋರಯ್ಯ ಚಿರತೆಯನ್ನು ತಿರುಗಿಸಿದ. ಹಸಿರು. ಸುಹೇಲ್ ಯಂತ್ರವನ್ನು ತಟ್ಟಿದ, ಒಂದು ತಂತಿ ಕಿತ್ತು ಮತ್ತೆ ಸಿಕ್ಕಿಸಿದ. ಹಸಿರು. ವಿಚಾರಣಾಧಿಕಾರಿ ಜಯದೇವಪ್ಪನವರು ಕನ್ನಡಕ ಒರೆಸಿಕೊಳ್ಳುತ್ತ, "ಬಾಲ್ಯದ ಸಂಗತಿ, ಪ್ರಕರಣಕ್ಕೆ ಸಂಬಂಧವಿಲ್ಲ. ಮುಂದುವರಿಸಿ" ಎಂದರು.

ಬೋರಯ್ಯ ಮುಂದುವರಿಸಿದ. ಕಂಬದ ಬುಡದಲ್ಲೇ ತಾನು ನಿಂತಿದ್ದೆ, ಹಗ್ಗ ಕಿರುಗುಟ್ಟುತ್ತಿತ್ತು, ಪಾಲಾಕ್ಷ ರೋಪ್‌ವೇ ಕೋಣೆಯ ಕಿಟಕಿಯ ಹತ್ತಿರ ಬಲಗೈಯಲ್ಲಿ ಫೋನು ಹಿಡಿದು ನಗುತ್ತಿದ್ದ, ತಾನು ಕೂಗಿದರೂ ತಿರುಗಲಿಲ್ಲ ಎಂದ. ಒಂದೊಂದು ಮಾತಿಗೂ ದೀಪ ಗರಿಕೆಯ ಹಾಗೆ ಹಸಿರಾಯಿತು. ರೋಪ್‌ವೇ ಕಂಪನಿಯ ವಕೀಲರು ಕುರ್ಚಿಗೆ ಒರಗಿ ಕಾಲಮೇಲೆ ಕಾಲು ಹಾಕಿಕೊಂಡರು.

"ಬೋರಣ್ಣಾ" ಎಂದ ಪಾಲಾಕ್ಷ, ಮೂಲೆಯ ಬೆಂಚಿನಿಂದ. "ನಾನು ಬ್ರೇಕ್ ಎಳೀತಿದ್ದೆ ಕಣಣ್ಣಾ. ಎರಡೂ ಕೈಲಿ ಎಳೀತಿದ್ದೆ. ಹಿಡೀಲಿಲ್ಲ. ಅದು ಹಿಡಿಯಾಕಿಲ್ಲ ಅಂತ ಎಷ್ಟ್ ಸಲ ಹೇಳಿದ್ದೆ ಈ ಕಂಪನಿಯೋರಿಗೆ."

ಇದನ್ನೇ ಅವನು ಹೆಲ್ಮೆಟ್ಟಿನ ಕೆಳಗೂ ಹೇಳಿದ್ದ. ಆದರೆ ಸತ್ತವರ ಮುಖ ಕಣ್ಣಮುಂದೆ ಇಟ್ಟುಕೊಂಡು, ಇನ್ನೂ ಗಟ್ಟಿಯಾಗಿ ಎಳೆಯಬೇಕಿತ್ತೇನೋ ಎಂದು ತನ್ನನ್ನೇ ತಿನ್ನುತ್ತ, ತೊದಲುತ್ತ ಹೇಳಿದ್ದ. ಹೆದರಿದವನ ಮಿದುಳೂ ದುಪ್ಪಟ್ಟು ದುಡಿಯುತ್ತದೆ. ಅವನಿಗೆ ಬಂದದ್ದು ಕೆಂಪು. ಮುಂದಿನ ಸೋಮವಾರ ಕೊನೆಯ ವಿಚಾರಣೆ. ತಪ್ಪು ಪಾಲಾಕ್ಷನದು ಎಂದು ತೀರ್ಮಾನವಾದರೆ ಅವನಿಗೆ ಜೈಲು. ಕಂಪನಿ ಅದೇ ಹಗ್ಗಕ್ಕೆ, ಅದೇ ಬ್ರೇಕಿಗೆ ಹೂ ಮುಡಿಸಿ ಮತ್ತೆ ಡಬ್ಬಿ ಓಡಿಸಬಹುದು.

ಬೋರಯ್ಯ ಕಚೇರಿಯಿಂದ ಹೊರಬಂದಾಗ ಎದೆ ಎಷ್ಟು ಉಬ್ಬಿತ್ತೆಂದರೆ ಬಾಗಿಲಲ್ಲಿ ಅಡ್ಡಲಾಗಿ ಬರಬೇಕಾಯಿತು.

*

ಬೋರಯ್ಯನ ಹೆಂಡತಿ ಹಾಲಮ್ಮನದು ಕೋಟೆಯ ಬಾಗಿಲಲ್ಲಿ ಮಿರ್ಚಿ ಮಂಡಕ್ಕಿ ಅಂಗಡಿ. ಅವಳ ಬಾಣಲೆಯಲ್ಲಿ ಮಿರ್ಚಿ ಬಿದ್ದ ಸದ್ದಿಗೆ ದಾವಣಗೆರೆಯಲ್ಲಿ ಜನರಿಗೆ ಬಾಯಲ್ಲಿ ನೀರೂರುತ್ತಿತ್ತು. ಅಂಗಡಿಯ ಗೂಟಕ್ಕೆ ಪತ್ರಿಕೆಯ ಒಂದು ಫೋಟೋ ಕಟ್ಟು ಹಾಕಿಸಿ ನೇತುಹಾಕಿತ್ತು: ಅಪಘಾತದ ದಿನ ಕಣ್ಣು ಕೆಂಪಗೆ ಮಾಡಿಕೊಂಡು, ಕೆನ್ನೆಯ ಮೇಲೆ ನೀರಿಳಿಸಿಕೊಂಡು ನಿಂತ ಬೋರಯ್ಯ. ಕೆಳಗೆ, 'ಕಣ್ಣೀರಾದ ಪ್ರತ್ಯಕ್ಷದರ್ಶಿ'.

ಅಪಘಾತವಾದ ಮೇಲೆ ಬೋರಯ್ಯನ ಕೋಟೆ ಪ್ರದಕ್ಷಿಣೆಯಲ್ಲಿ ಹೊಸದೊಂದು ನಿಲ್ದಾಣ ಸೇರಿತ್ತು, ರೋಪ್‌ವೇ ಕಂಬ. ಗೈಡುಗಳ ಕಸುಬೇ ಹಾಗೆ. ಬಂದ ಪ್ರತಿ ತಂಡಕ್ಕೂ ಅದೇ ಕಥೆ ಹೇಳಬೇಕು, ಯಾವ ಮಾತಿಗೆ ಜನ ಬಾಯಿ ಬಿಟ್ಟರೋ ಅದನ್ನು ಮುಂದಿನ ತಂಡಕ್ಕೆ ಇನ್ನಷ್ಟು ಹಿಗ್ಗಿಸಬೇಕು, ಯಾವುದಕ್ಕೆ ಆಕಳಿಸಿದರೋ ಅದನ್ನು ಕೈಬಿಡಬೇಕು. ಮೊದಮೊದಲು ಕಥೆಯಲ್ಲಿ ಪಾಲಾಕ್ಷ ಸುಮ್ಮನೆ ನಿಂತಿದ್ದ. ಆಮೇಲೆ ಅವನ ಕೈಗೆ ಫೋನು ಬಂತು. ಒಂದು ತಂಡದ ಹೆಂಗಸೊಬ್ಬಳು "ಅಯ್ಯೋ ಪಾಪಿ" ಎಂದಳು. ಮರುದಿನದಿಂದ ಪಾಲಾಕ್ಷ ನಗತೊಡಗಿದ.

ವಿಚಾರಣೆಯ ಮರುದಿನ ಮಧ್ಯಾಹ್ನ ತಂಡ ಚದುರಿದ ಮೇಲೂ ಒಬ್ಬಾಕೆ ಅಂಗಡಿಯ ಬೆಂಚು ಬಿಟ್ಟು ಏಳಲಿಲ್ಲ. ಸರ್ವಮಂಗಳಾ ಮೇಡಂ, ಊರಿನ ಡಿಗ್ರಿ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಮನಶ್ಶಾಸ್ತ್ರ ಹೇಳಿಕೊಡುವವರು. ಆಕೆಗೆ ಸಿಟ್ಟು ಬಂದರೆ ಕಾಲೇಜಿನ ಗಂಟೆ ತಾನಾಗಿಯೇ ಬಾರಿಸುತ್ತದೆ ಎಂಬ ಮಾತಿತ್ತು. ಈಗ ಬಂದಿತ್ತು.

"ಕಚೇರಿಗೆ ಹೋಗಿ ಹೇಳ್ದೆ" ಎಂದರು ಮಂಡಕ್ಕಿಯ ಪೊಟ್ಟಣ ಹಿಸುಕುತ್ತ. "ನೆನಪು ಅನ್ನೋದು ಫೋಟೋ ಅಲ್ಲ ಸ್ವಾಮಿ, ಪ್ರತಿ ಸಲ ತೆಗೆದಾಗಲೂ ಹೊಸದಾಗಿ ಅಡುಗೆ ಮಾಡಿ ಬಡಿಸ್ತೀವಿ, ಮಿಕ್ಕಿದ್ದನ್ನೇ ಎತ್ತಿಡ್ತೀವಿ, ಮುಂದಿನ ಸಲ ಬಿಸಿ ಮಾಡೋದು ಅದನ್ನೇ ಅಂತ. ಏನಂದ್ರು ಗೊತ್ತಾ? 'ಮೇಡಂ, ನಿಮ್ಮದು ಪಾಠ, ನಮ್ಮದು ಮೆಷಿನ್' ಅಂದ್ರು. ಸುಳ್ಳು ಹೇಳೋನನ್ನ ಹಿಡಿಯೋಕೆ ಮಾಡಿದ ಮೆಷಿನ್ನು ಅದು. ತಪ್ಪನ್ನ ನಿಜ ಅಂತ ನಂಬಿದೋನನ್ನ ಅದು ಹಿಡಿಯೋದು ಎಲ್ಲಿಂದ?"

"ನಾನು ನಂಬಿದ್ದಲ್ಲ ಮೇಡಂ, ನೋಡಿದ್ದು" ಎಂದ ಬೋರಯ್ಯ. "ನನ್ ನೆನಪು ಕಲ್ಲಿನ ಮ್ಯಾಲೆ ಕೆತ್ತಿದಂಗೆ. ಹುಟ್ಟಿದ ದಿನ ಸೂಲಗಿತ್ತಿ ಯಾವ ಸೀರೆ ಉಟ್ಟಿದ್ಲು ಅಂತ ಕೇಳ್ರಿ, ಹೇಳ್ತೀನಿ."

"ಅಷ್ಟೆಲ್ಲ ಬೇಡ. ಒಂದಿಷ್ಟು ಪದ ಹೇಳ್ತೀನಿ, ಕೇಳ್ಕೊಳ್ಳಿ ಸಾಕು." ಮೇಡಂ ನಿಧಾನವಾಗಿ ಹೇಳಿದರು, "ಸಾಸಿವೆ. ಎಣ್ಣೆ. ಕರಿಬೇವು. ಚಟಪಟ. ಇಂಗು. ಬಾಣಲೆ. ಒಣಮೆಣಸಿನಕಾಯಿ. ಸೌಟು. ಜೀರಿಗೆ. ಘಮಘಮ." ಆಮೇಲೆ ಹಾಲಮ್ಮನ ಮಿರ್ಚಿಗೆ ಉಪ್ಪು ಹದವಾಗಿದೆ ಎಂದು ಹೊಗಳಿದರು, ಎಣ್ಣೆಯ ರೇಟು ಕೇಳಿದರು. ನಂತರ ತಟ್ಟನೆ ತಿರುಗಿ, "ಬೋರಯ್ಯನವರೇ, ನಾನು ಸೌಟು ಅಂದ್ನಾ?"

"ಅಂದ್ರಿ."

"ಗಡಿಯಾರ?"

"ಇಲ್ಲ."

"ಒಗ್ಗರಣೆ?"

"ಅಂದ್ರಿ. ನಡುವ್ನಾಗೆ, ಇಂಗು ಆದ್ಮ್ಯಾಲೆ. ಸ್ವಲ್ಪ ಎಳೆದು ಅಂದ್ರಿ. ನಿಮ್ ದನಿ ಇನ್ನೂ ಕಿವೀಲೈತೆ."

"ನಾನು ಆ ಪದ ಬಾಯಿಗೇ ತಂದಿಲ್ಲ."

ಬೋರಯ್ಯ ನಕ್ಕ. ಸಾಕ್ಷಿಗೆಂದು ಹೆಂಡತಿಯ ಕಡೆ ನೋಡಿದ. ಹಾಲಮ್ಮ ಕಡಲೆಹಿಟ್ಟು ಕಲಸುವ ಕೈ ನಿಲ್ಲಿಸಿ, "ಅಂದಂಗಿತ್ತು" ಎಂದಳು ಅನುಮಾನದಿಂದ. ಮೇಡಂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ತಮ್ಮದೇ ಮಾತನ್ನು ಹಾಕಿ ಕೇಳಿಸಿದರು. ಒಗ್ಗರಣೆ ಇರಲಿಲ್ಲ. ಬೋರಯ್ಯ ಮತ್ತೆ ಹಾಕಿಸಿದ, ಫೋನನ್ನು ಕಿವಿಗೆ ಒತ್ತಿಕೊಂಡ. ಸಾಸಿವೆ ಇತ್ತು, ಇಂಗು ಇತ್ತು. ಒಗ್ಗರಣೆ ಹಾಕಿದ್ದು ಅವನ ತಲೆಯೇ.

"ಈಗ ಹೇಳಿ. ಪಾಲಾಕ್ಷನ ಕೈಲಿ ಫೋನಿತ್ತು ಅಂತ ಮೊದಲು ಅಂದಿದ್ದು ಯಾರು?"

"ನಾನೇ."

"ಯಾರ ಹತ್ರ?"

"ನಾಕ್ ದಿನ ಬಿಟ್ಟು ಕಂಬದ ಹತ್ರ, ಕಂಪನಿ ವಕೀಲ್ರು ಬಂದಿದ್ರಲ್ಲ, ಅವರ ಹತ್ರ. ಅವ್ರು ಕೇಳಿದ್ರು, ಫೋನು ಎಡಗೈಲಿತ್ತಾ, ಬಲಗೈಲಿತ್ತಾ ಅಂತ. ಬಲಗೈಲಿ ಅಂದೆ."

ಬೋರಯ್ಯನಿಗೆ ತನ್ನ ಮಾತು ತನಗೇ ಕೇಳಿಸಿತು. ಆದರೆ ಕೇಳಿಸಿದ್ದನ್ನು ಒಪ್ಪಿಕೊಂಡುಬಿಟ್ಟರೆ ಅವನೆಂಥ ಗೈಡು? "ಹೆಂಗಾದ್ರೂ ಕೇಳ್ಲಿ. ನಾನು ಕಂಬದ ಬುಡದಾಗೇ ಇದ್ದೆ. ಸರ್ಕಾರಿ ಮೆಷಿನ್ನೇ ಹಸಿರು ಕೊಟ್ಟೈತೆ" ಎಂದು ದನಿ ಎತ್ತರಿಸಿದ.

ಆಗ ಹಾಲಮ್ಮ ಹಿಟ್ಟಿನ ಪಾತ್ರೆಯನ್ನು ಕಲ್ಲಿನ ಮೇಲೆ ಕುಕ್ಕಿದಳು. ಕೋಟೆಯ ಮೇಲಿನ ಕೋತಿಗಳೆಲ್ಲ ಒಂದು ಹೆಜ್ಜೆ ಹಿಂದೆ ಸರಿದವು.

"ಮೆಷಿನ್ ಮುಂದೆ ಇದನ್ನೇ ಹೇಳಿದ್ರಾ ನೀವು? ಕಂಬದ ಬುಡದಾಗಿದ್ದೆ ಅಂತ?"

"ಮತ್ತೆ?"

"ಮತ್ತೆ ಏನು. ನೀವು ಇಲ್ಲಿದ್ರಿ. ಈ ಬೆಂಚಿನ ಮ್ಯಾಲೆ. ಮಿರ್ಚಿ ಕಡಿಯಕ್ಕೆ ಹೋಗಿ ಬೀಜ ಸಿಡಿದು ಕಣ್ಣಿಗೆ ಬಿತ್ತು. ಸತ್ತೇ ಹೋದೆ ಅಂತ ಕುಣಿದ್ರಿ. ಎರಡು ಚೊಂಬು ನೀರು ಹೊಯ್ದು ಕಣ್ಣು ತೊಳೀತಿದ್ದೆ ನಾನು, ಆವಾಗ ಸದ್ದಾಯ್ತು. ಕಣ್ಣೇ ಬಿಡಕ್ಕಾಗ್ತಿರ್ಲಿಲ್ಲ ನಿಮಗೆ. ಕೈ ಹಿಡಿದು ಓಡಿಸ್ಕೊಂಡು ಹೋದೋಳು ನಾನು." ಅವಳು ಗೂಟದ ಫೋಟೋ ಕಿತ್ತು ಅವನ ಮಡಿಲಿಗೆ ಹಾಕಿದಳು. "ನೋಡ್ರಿ. ಅತ್ತರೆ ಅಂಗಿ ಹೊಟ್ಟೆತನಕ ತೊಯ್ದು ತೊಪ್ಪೆ ಆಗ್ತೈತಾ?"

ಫೋಟೋದಲ್ಲಿ ಅಂಗಿ ಕತ್ತಿನಿಂದ ಹೊಟ್ಟೆಯವರೆಗೆ ಮೈಗೆ ಅಂಟಿಕೊಂಡಿತ್ತು.

"ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ತಾಯಿ?" ಮೇಡಂ ಕೇಳಿದರು.

"ಇವ್ರ ಮಾತು ಇಷ್ಟು ವರ್ಷದಾಗೆ ಯಾರೂ ನಂಬಿರ್ಲಿಲ್ಲ ಕಣಮ್ಮಾ. ಕಂಬದ ಹತ್ರ ಕಥೆ ಹೇಳ್ತಾರೆ, ಜನ ನಗ್ತಾರೆ, ಮಿರ್ಚಿ ತಿಂದು ಹೋಗ್ತಾರೆ. ನಂಬೋ ಅಂಥದ್ದೊಂದು ಮೆಷಿನ್ ಮಾಡ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ? ಆ ಹುಡುಗ ಹಾಲಕ್ಕಾ, ಹಾಲಕ್ಕಾ ಅಂತ ದಿನಾ ಇಲ್ಲಿ ಕೂತು ತಿಂತಿದ್ದ. ಅವನನ್ನ ಜೈಲಿಗೆ ಹಾಕಿಸೋ ಕಥೇನೇನ್ರಿ ನಿಮ್ದು?"

*

ಬೋರಯ್ಯ ಮನೆಗೆ ಬಂದು ಊಟದ ತಟ್ಟೆ ಸರಿಸಿದ. ಹೆಂಡತಿಯ ಮೇಲೆ ಸಿಟ್ಟು, ಮೇಡಂ ಮೇಲೆ ಸಿಟ್ಟು, ಆ ಇಲ್ಲದ ಒಗ್ಗರಣೆಯ ಮೇಲೆ ಎಲ್ಲಕ್ಕಿಂತ ಸಿಟ್ಟು. ಅವನು ಬಿಟ್ಟ ಉಸಿರಿಗೆ ನೆಲದ ಮೇಲಿನ ಚಾಪೆ ತಾನಾಗಿಯೇ ಸುತ್ತಿಕೊಂಡಿತು.

ಕಣ್ಣು ಮುಚ್ಚಿದ. ಪಾಲಾಕ್ಷ ಕಂಡ; ಬಲಗೈ, ಫೋನು, ನಗು. ಹಲ್ಲಿನ ಸಂದು ಕೂಡ ಕಾಣುವಷ್ಟು ಸ್ಪಷ್ಟ. ಮೆಣಸಿನ ಬೀಜ ಹುಡುಕಿದ. ಸಿಗಲಿಲ್ಲ. ಉರಿ ಇಲ್ಲ, ಚೊಂಬಿನ ನೀರಿಲ್ಲ, ಹೆಂಡತಿಯ ಕೈ ಇಲ್ಲ. ಯಾರೋ ಗುಡಿಸಿ ಸಾರಿಸಿದಂತಿತ್ತು.

"ಸಿಗ್ತಿಲ್ಲ" ಎಂದ ಗೋಡೆಗೆ ಮುಖ ಮಾಡಿ. "ನೀನು ಹೇಳಿದ್ದು ಒಂದೂ ಸಿಗ್ತಿಲ್ಲ."

"ಅವತ್ತು ಇನ್ನೇನು ಕಾಣುತ್ತೆ?" ಹಾಲಮ್ಮ ಒಲೆಯ ಮುಂದಿನಿಂದಲೇ ಕೇಳಿದಳು.

"ಕಂಬ. ಹಗ್ಗ. ಕಂಬದ ಬುಡದಾಗೆ ನಾನು, ತಲೆಗೆ ಟವಲ್ ಸುತ್ಕೊಂಡು, ಬೆನ್ನು ಈ ಕಡೆ ಮಾಡಿ..."

ಹಾಲಮ್ಮ ತಿರುಗಿ ನೋಡಿದಳು.

"ನಿಮ್ ಬೆನ್ನು ನಿಮಗೆ ಕಾಣ್ತಿತ್ತಾ?"

ಕಂಬದ ಬುಡದಲ್ಲಿ ನಿಂತವನನ್ನು ಬೋರಯ್ಯ ಹಿಂದಿನಿಂದ ನೋಡುತ್ತಿದ್ದ, ತಂಡದವರು ಎಲ್ಲಿ ನಿಂತು ಅವನನ್ನು ನೋಡುತ್ತಿದ್ದರೋ ಅಲ್ಲಿಂದಲೇ. ತನ್ನ ಕಥೆಯನ್ನು ತಾನೇ ಟಿಕೆಟ್ ತೆಗೆದುಕೊಂಡು ನೋಡಿ ಬಂದಿದ್ದ. ಅವನ ಸಿಟ್ಟು ಮನೆಯೊಳಗೆಲ್ಲ ಒಂದು ಸುತ್ತು ಹಾಕಿ, ಕೂರಲು ಬೇರೆ ಜಾಗ ಕಾಣದೆ ಅವನ ಎದೆಯ ಮೇಲೆಯೇ ಬಂದು ಕೂತಿತು.

*

ಸೋಮವಾರ ಕಚೇರಿಯ ಹಾಲಿನಲ್ಲಿ ಎಷ್ಟು ಜನ ಸೇರಿದ್ದರೆಂದರೆ ಉಸಿರಾಡಲು ಸರದಿ ನಿಲ್ಲಬೇಕಿತ್ತು. ಜಯದೇವಪ್ಪನವರು ಹಸಿರು ಸಾಕ್ಷ್ಯವನ್ನು ಓದಲು ಬಾಯಿ ತೆರೆದರು. ಓದುವ ಮೊದಲೇ ಹಾಲಮ್ಮ ಎದ್ದು ಮುಂದೆ ಬಂದಳು.

"ನನ್ ತಲೆಗೂ ಹಾಕ್ರಿ ಆ ಟೋಪಿ."

"ಇವರು ಸಾಕ್ಷಿಯೇ ಅಲ್ಲ" ಎಂದರು ವಕೀಲರು. "ಮಿರ್ಚಿ ಮಾರುವವರು."

"ಹೌದು ಸ್ವಾಮಿ. ಮೊನ್ನೆ ನೀವೂ ಎರಡು ಪ್ಲೇಟ್ ತಿಂದು, ಇದಕ್ಕಿಂತ ಒಳ್ಳೇದು ಜನ್ಮದಾಗೆ ತಿಂದಿಲ್ಲ ಅಂದ್ರಿ. ಅದೂ ಸುಳ್ಳಾ?"

ಹಾಲಿನಲ್ಲಿ ನಗು ಹರಡಿತು. ಜಯದೇವಪ್ಪನವರು ಹಾಕಿ ಎಂಬಂತೆ ಕೈ ಮಾಡಿದರು. ಹಾಲಮ್ಮ ಹೆಲ್ಮೆಟ್ಟಿನ ಕೆಳಗೆ ಕೂತು ಬೆಂಚು, ಬೀಜ, ಚೊಂಬು, ಸದ್ದು ಎಲ್ಲ ಹೇಳಿದಳು. ದೀಪ ಹಸಿರಾಗಿ ಉರಿಯಿತು.

ಸುಹೇಲ್ ತಲೆ ಕೆರೆದುಕೊಂಡ. "ಸರ್, ಇಬ್ಬರದೂ ಸತ್ಯ ಅಂತ ತೋರಿಸ್ತಿದೆ."

"ಒಬ್ಬ ಮನುಷ್ಯ ಒಂದೇ ಗಳಿಗೆಯಲ್ಲಿ ಕಂಬದ ಹತ್ತಿರವೂ ಮಿರ್ಚಿ ಅಂಗಡಿಯಲ್ಲೂ ಇರೋದು ಹೇಗೆ?" ಎಂದರು ಜಯದೇವಪ್ಪನವರು. ಯಂತ್ರ ಬಂದ ಮೇಲೆ ಆ ಕಚೇರಿಯಲ್ಲಿ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಗೋಡೆಯ ಸುಣ್ಣ ಆಶ್ಚರ್ಯಕ್ಕೆ ಒಂದಿಷ್ಟು ಉದುರಿತು.

ಸರ್ವಮಂಗಳಾ ಮೇಡಂಗೆ ತಡೆಯಲಾಗಲಿಲ್ಲ. "ಇರೋಕಾಗಲ್ಲ ಸರ್. ಅದನ್ನ ಹೇಳೋಕೆ ಮೆಷಿನ್ ಬೇಕಾ? ಮೊದಲ ವರ್ಷದ ಮಕ್ಕಳು ಮೊದಲ ಟೆಸ್ಟಲ್ಲೇ ಬರೀತಾರೆ, ಗಟ್ಟಿ ನಂಬಿಕೆ ಬೇರೆ, ನಿಜ ಬೇರೆ ಅಂತ. ಬರೀದಿದ್ರೆ ನಾನು ಫೇಲ್ ಮಾಡ್ತೀನಿ. ನೀವು ಆ ಪಾಠ ಓದದೇ ಒಬ್ಬ ಹುಡುಗನನ್ನ ಜೈಲಿಗೆ ಕಳಿಸೋಕೆ ಕೂತಿದ್ದೀರಿ. ಹೆದರಿಕೊಂಡು ನಿಜ ಹೇಳಿದ, ಕೆಂಪು ಕೊಟ್ರಿ. ಇವರು ಧೈರ್ಯವಾಗಿ ತಪ್ಪು ಹೇಳಿದ್ರು, ಹಸಿರು ಕೊಟ್ರಿ. ಫೋನು ಯಾವ ಕೈಲಿತ್ತು ಅಂತ ಕೇಳಿ ಇಲ್ಲದ ಫೋನನ್ನ ತಲೆಯೊಳಗೆ ಇಟ್ಟವರು ಇಲ್ಲೇ ಕಾಲಮೇಲೆ ಕಾಲು ಹಾಕ್ಕೊಂಡು ಕೂತಿದ್ದಾರೆ."

ವಕೀಲರು ಕಾಲು ಇಳಿಸಿದರು.

"ಬೋರಯ್ಯನವರನ್ನೇ ಇನ್ನೊಮ್ಮೆ ಕೇಳೋಣ" ಎಂದರು ಜಯದೇವಪ್ಪನವರು.

ಹೆಲ್ಮೆಟ್ ಏರಿತು. "ನಾನು ಕಂಬದ ಹತ್ರ ಇರ್ಲಿಲ್ಲ" ಎಂದ ಬೋರಯ್ಯ.

ಕೆಂಪು.

"ಅಂಗಡೀಲಿದ್ದೆ. ಕಣ್ಣಿಗೆ ಕಾರ ಬಿದ್ದಿತ್ತು."

ಕೆಂಪು. ಹೌದು, ಅವನ ತಲೆಯೊಳಗೆ ಪಾಲಾಕ್ಷ ನಗುತ್ತಲೇ ಇದ್ದ, ಅವನನ್ನು ಅದುಮಿಟ್ಟು ಮಾತಾಡಬೇಕಿತ್ತು. ಮಿದುಳು ದುಡಿಯಿತು, ಯಂತ್ರ ಹಿಡಿಯಿತು.

"ನೋಡಿ" ಎಂದರು ವಕೀಲರು ಎದ್ದು ನಿಂತು. "ಇವರಿಗೆ ಯಾರೋ ಒತ್ತಡ ಹಾಕಿ ಸುಳ್ಳು ಹೇಳಿಸುತ್ತಿದ್ದಾರೆ. ಯಂತ್ರ ಸ್ಪಷ್ಟವಾಗಿ ಹೇಳುತ್ತಿದೆ, ಇವರು ಕಂಬದ ಹತ್ತಿರವೇ ಇದ್ದರು."

ಬೋರಯ್ಯನ ಸಿಟ್ಟು ನೆತ್ತಿಗೇರಿತು. ಬದುಕೆಲ್ಲ ಬಾಯಿಗೆ ಬಂದದ್ದು ಹೇಳಿದಾಗ ಎದ್ದು ತಡೆಯದ ಲೋಕ, ಒಂದೇ ಒಂದು ನಿಜ ಹೇಳಲು ಹೊರಟಾಗ ಅವನನ್ನು ಸುಳ್ಳುಗಾರ ಎನ್ನುತ್ತಿತ್ತು. ಹೆಲ್ಮೆಟ್ ಕಿತ್ತು ಮೇಜಿನ ಮೇಲೆ ಇಟ್ಟ. ಅದರ ತಂತಿಗಳಿಗೆ ಅವನ ನರೆಗೂದಲು ಸಿಕ್ಕಿಕೊಂಡಿತ್ತು.

"ಸಾಹೇಬ್ರೆ, ಈಗ ನನ್ ಮಾತು ಕೇಳ್ರಿ. ಈ ಭೂಮಿ ಮ್ಯಾಲೆ ನನ್ನಂಥ ಪಾಪಿ ಇನ್ನೊಬ್ಬ ಹುಟ್ಟಿಲ್ಲ. ನಾನು ಮಾಡಿದ ದ್ರೋಹಕ್ಕೆ ಈ ಕೋಟೆ ಕಲ್ಲೆಲ್ಲ ಕರಗಿ, ಏಳೂ ಸುತ್ತಿನ ಗೋಡೆ..."

"ಉದ್ದ ಮಾಡಬೇಡ್ರಿ" ಎಂದಳು ಹಾಲಮ್ಮ.

ಅವನು ಮಾತು ನಿಲ್ಲಿಸಿದ. ಹಾಲಿನ ಅಷ್ಟೂ ಕಣ್ಣುಗಳು ಅವನ ಮೇಲಿದ್ದವು. ಅಷ್ಟು ದೊಡ್ಡ ತಂಡ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಬೋರಯ್ಯ ಪಾಲಾಕ್ಷನ ಕಡೆ ತಿರುಗಿ, ಮೊದಲ ಬಾರಿಗೆ, ಅವನೊಬ್ಬನಿಗೆ ಕೇಳಿಸಿದರೆ ಸಾಕು ಎನ್ನುವಷ್ಟು ಸಣ್ಣ ದನಿಯಲ್ಲಿ ಹೇಳಿದ.

"ಮಿರ್ಚಿ ತಿಂತಿದ್ದೆ ಕಣಪ್ಪಾ. ಸದ್ದು ಕೇಳಿಸ್ತು, ಅಷ್ಟೇ. ನಿನ್ ಕೈಲಿ ಫೋನಿತ್ತಾ, ಬ್ರೇಕಿತ್ತಾ, ನನಗೆ ಗೊತ್ತಿಲ್ಲ. ಈಗ್ಲೂ ಕಣ್ಣು ಮುಚ್ಚಿದ್ರೆ ಫೋನು ಕಾಣುತ್ತೆ, ನೀನು ನಗೋದೂ ಕಾಣುತ್ತೆ. ಸಾಯೋತನಕ ಕಾಣ್ತದೇನೋ. ಆದ್ರೆ ನಾನು ನೋಡಿಲ್ಲ."